ಮುಡಿಪಿನೊಳಗೆ ಮಾವನವರ ಎಂಜಿನ್

ವಸ್ತುಗಳನ್ನು ಬಚ್ಚಿಡುವ ವಿದ್ಯೆಯಲ್ಲಿ ಇಡೀ ಹೊಳಲ್ಕೆರೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಎಪ್ಪತ್ತರ ದಶಕದ ಮಾತು. ರಾಮಗಿರಿಯ ನಮ್ಮ ಮಾವನವರು ಉಗಿಬಂಡಿ ಓಡಿಸಿ ನಿವೃತ್ತರಾದವರು. ಅವರ ಹಳೆಯ ಸಾಹೇಬರು ಪರದೇಶದಿಂದ ತಂದುಕೊಟ್ಟ ಬೆಳ್ಳಿಯ ಸ್ಮಾರಕ ನಾಣ್ಯವೊಂದು ಅವರ ಬಳಿ ಇತ್ತು. ಅದರ ಮೇಲೆ ಮೊಟ್ಟಮೊದಲ ಕಾಲದ, ಉದ್ದ ಕೊಳವೆಯ ಉಗಿ ಎಂಜಿನ್! ಆಫೀಸಿನವರಿಗೆ ತೋರಿಸಿ ತರುತ್ತೇನೆಂದು ಗೋಗರೆದೆ. ಮಗಳನ್ನು ಕೊಡುವಾಗ ಅಷ್ಟೇನೂ ಯೋಚಿಸದ ಮಾವನವರು ನಾಣ್ಯ ಕೊಡಲು ವಾರಗಟ್ಟಲೆ ಯೋಚಿಸಿದರು.

ತಂದ ಮೇಲೆ ಕಳ್ಳರ ಭಯ ಹತ್ತಿತು. ಟ್ರಂಕಿನಲ್ಲಿಟ್ಟರೆ? ಅವರು ಮೊದಲು ಒಡೆಯುವುದೇ ಅದನ್ನು. ಆಗ ದೇವರ ಗೂಡಿನಲ್ಲಿ, ಹೆಂಡತಿ ಹರಕೆಗೆಂದು ಅರಿಸಿನ ಬಟ್ಟೆಯಲ್ಲಿ ದುಡ್ಡು ಕಟ್ಟಿಟ್ಟಿದ್ದ ಮುಡಿಪು ಕಂಡಿತು. ದೇವರ ಮುಡಿಪನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ. ಮೆಲ್ಲಗೆ ಬಿಚ್ಚಿ, ಎಂಜಿನನ್ನೂ ಒಳಗೆ ಸೇರಿಸಿ, ಮೊದಲಿನಂತೆಯೇ ಗಂಟು ಹಾಕಿದೆ. ಎಂಥ ತಲೆ ನನ್ನದು!

ಸೋಮವಾರ ಸಂಜೆ ಬಂದು ನೋಡಿದರೆ ಗೂಡು ಖಾಲಿ.

"ಮುಡಿಪು ಎಲ್ಲೇ?"

"ರಾಮಗಿರಿ ಬೆಟ್ಟಕ್ಕೆ ಹೋಗಿ ಹುಂಡಿಗೆ ಹಾಕಿ ಬಂದೆ ಕಣ್ರಿ. ನಿಮಗೊಂದಿಷ್ಟು ಬುದ್ಧಿ ಬರ್ಲಿ ಅಂತ ಹೊತ್ಕಂಡಿದ್ದೆ."

ವಿಷಯ ತಿಳಿಸಿದೆ. ಅವಳು ತಲೆಯ ಮೇಲೆ ಕೈಹೊತ್ತು ಕೂತಳು. "ಅಪ್ಪಂಗೆ ಗೊತ್ತಾದ್ರೆ ನಿಮ್ಮನ್ನ ಹಳಿ ಮೇಲೆ ಮಲಗಿಸ್ತಾನೆ!"

ಬೆಳಗಾಗುತ್ತಲೇ ಬೆಟ್ಟ ಹತ್ತಿ ಪೂಜಾರರ ಕಾಲು ಹಿಡಿದೆ.

"ಹುಂಡಿಗೆ ಬಿದ್ದಿದ್ದು ದೇವ್ರದ್ದು ಕಣ್ರಿ. ಹುಂಡಿ ತೆಗೆದ ದಿನ ಇಂಥವನ್ನೆಲ್ಲ ಹರಾಜ್ ಹಾಕ್ತೀವಿ. ಬಂದು ಕೂಗ್ರಿ" ಎಂದರು.

ಅಲ್ಲಿಯವರೆಗೆ, "ಆಫೀಸಿನಲ್ಲಿ ಇನ್ನೂ ಎಲ್ಲರೂ ನೋಡಿ ಮುಗಿದಿಲ್ಲ" ಎಂದು ಮಾವನವರಿಗೆ ಹೇಳಿ ಕಳಿಸುತ್ತಾ ಬಂದೆ. ಆಫೀಸಿನಲ್ಲಿದ್ದವರು ನಾವು ನಾಲ್ಕೇ ಜನ!

ಹರಾಜಿನ ದಿನ ತಲೆಗೆ ಟವೆಲ್ ಸುತ್ತಿಕೊಂಡು ಗುಂಪಿನ ಹಿಂದೆ ನಿಂತೆ. ನಾಣ್ಯ ಬಂತು. ಕೂಗಿದೆ. ಮುಂದೆ ಕೂತಿದ್ದ ಯಾರೋ ಬೆಲೆ ಏರಿಸಿದರು. ನಾನೂ ಏರಿಸಿದೆ. ಆಸಾಮಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನನ್ನ ತಿಂಗಳ ಸಂಬಳ ದಾಟಿತು. ಯಾರಪ್ಪ ಈ ಹಠಮಾರಿ ಎಂದು ಇಣುಕಿದರೆ, ಸಾಕ್ಷಾತ್ ಮಾವನವರು! ಕೂಗುವುದನ್ನು ಬಿಟ್ಟು ಮುಂದಿದ್ದವನ ಬೆನ್ನ ಹಿಂದೆ ಕುಗ್ಗಿದೆ. ಅಷ್ಟರಲ್ಲಿ ಹರಾಜಿನವರು ಮೂರನೇ ಸಲ ಕೂಗಿ, ನಾಣ್ಯವನ್ನು ಅವರ ಕೈಗಿಟ್ಟೇಬಿಟ್ಟರು.

ಹಿಂದೆ ತಿರುಗಿದ ಮಾವನವರು ನನ್ನನ್ನು ಕಂಡು ಹಿರಿಹಿರಿ ಹಿಗ್ಗಿದರು.

"ಓಹೋ ಅಳಿಯಂದ್ರು! ಹುಂಡೀಲಿ ಎಂಜಿನ್ ನಾಣ್ಯ ಸಿಕ್ತಂತೆ ಅಂತ ಓಡಿ ಬಂದೆ. ಥೇಟ್ ನನ್ನದರಂಗೇ ಐತೆ, ಜೋಡಿ ಸಿಕ್ತು ನೋಡ್ರಿ! ನಡೀರಿ, ಈಗ್ಲೇ ನಿಮ್ಮನೆಗೆ ಹೋಗಾಣ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಾಣ!"

ಮಾವನವರು ತಮ್ಮದೇ ನಾಣ್ಯವನ್ನು ದುಡ್ಡು ಕೊಟ್ಟು ಕೊಂಡಿದ್ದರು. ಅದರ ಬೆಲೆಯನ್ನು ಆ ಎತ್ತರಕ್ಕೆ ಏರಿಸಿದ ಕೀರ್ತಿ ಮಾತ್ರ ಸಂಪೂರ್ಣವಾಗಿ ಅವರ ಅಳಿಯನಿಗೇ ಸಲ್ಲಬೇಕು!