ನಮ್ಮ ಸಂಘ ಕೂಗದೇ ಇದ್ದ ದಿನ

ಗೆಲ್ಲುವ ತಂಡದ ಬೆನ್ನಿಗೆ ನಿಂತವರಿಗೆ ಹೇಳಿಕೊಳ್ಳಲು ಗೆಲುವುಗಳಿರುತ್ತವೆ; ನಮ್ಮಂಥವರ ಪಾಲಿಗೆ ಬರುವುದು ಇಂಥ ಪ್ರಸಂಗಗಳೇ. ಬೇಡವೆಂದರೂ ಬರುತ್ತವೆ. ನಾನು ಇದನ್ನು ಬರೆಯಲು ಕೂತ ಹೊತ್ತಿನಲ್ಲೂ ಮೈದಾನದ ಕಡೆ ಏನೋ ಒಂದು ನಡೆಯುತ್ತಿರಬೇಕು.

ನನ್ನದು ಶಹಾಪುರದ ಬಸ್ ನಿಲ್ದಾಣದ ಹತ್ತಿರ ಕನ್ನಡಕದ ಅಂಗಡಿ. ಗಿರಾಕಿ ಕಡಿಮೆ, ಕನಸು ಜಾಸ್ತಿ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಎದುರಿಗೆ ಬೆಟ್ಟ, ಬುದ್ಧ ಮಲಗಿದ ಹಾಗೆ ಕಾಣುವ ನಮ್ಮೂರ ಬೆಟ್ಟ. ಅದನ್ನು ನೋಡುತ್ತ ನೋಡುತ್ತ ನಾನೂ ಅರ್ಧ ಮಲಗಿಬಿಡುತ್ತೇನೆ. ಆ ಅರೆನಿದ್ದೆಯಲ್ಲಿ ನಮ್ಮೂರ ಫುಟ್‌ಬಾಲ್ ತಂಡ ಎಷ್ಟೋ ಸಲ ಗೆದ್ದಿದೆ. ಎಚ್ಚರದಲ್ಲಿ ಮಾತ್ರ ಲೆಕ್ಕಕ್ಕೆ ಬರುವಂತೆ ಒಂದು ಸಲವೂ ಇಲ್ಲ.

ಆ ತಂಡಕ್ಕೊಂದು ಅಭಿಮಾನಿಗಳ ಸಂಘ ಇದೆ, ನಾನು ಅದರ ಕಾರ್ಯದರ್ಶಿ. ಅಧ್ಯಕ್ಷರು ಸರ್ಕಾರಿ ಕೆಲಸದಿಂದ ನಿವೃತ್ತರಾದ ನರ್ಸಬಾಯಿ. ತಂಡದ ಮುಕ್ಕಾಲು ಪಾಲು ಹುಡುಗರು ಹುಟ್ಟಿದ್ದು ಅವರ ಕೈಯಲ್ಲೇ. "ಏ, ಹುಟ್ಟಿದಾಗ ನೀ ಅಳಲೇ ಇಲ್ಲ, ಬೆನ್ನಿಗೆ ಎರಡು ಬಡದು ಅಳಿಸೀನಿ. ಈಗೂ ಬಡೀಬೇಕೇನು?" ಎಂದು ಅವರು ಗೆರೆಯಾಚೆಯಿಂದ ಕೂಗಿದರೆ ಎಂಥ ಸೋಮಾರಿ ಆಟಗಾರನೂ ಓಡುತ್ತಾನೆ.

ಬೆಟ್ಟದ ಕೆಳಗಿನ ಬಯಲೇ ನಮ್ಮ ಮೈದಾನ. ಒಂದು ಬದಿಗೆ ಬೇವಿನ ಮರ, ಇನ್ನೊಂದು ಬದಿಗೆ ಕಾಲುವೆ ನೀರು ಕುಡಿದು ಹಸಿರಾದ ಭತ್ತದ ಗದ್ದೆ. ಕಳೆದ ವರ್ಷದಿಂದ ಈ ಮೈದಾನದ ಚಿಂತೆ ನಮಗೆ ಅಂಟಿಕೊಂಡಿತ್ತು. ಹತ್ತಿ ಲಾರಿಗಳು ನಿಲ್ಲಲು ಊರಲ್ಲಿ ಜಾಗ ಸಾಲದು, ಆ ಬಯಲನ್ನೇ ಲಾರಿ ಅಡ್ಡೆ ಮಾಡಿಬಿಡೋಣ ಎಂದು ಕೆಲವರು ಮಾತೆತ್ತಿದ್ದರು. "ಅಲ್ಲಿ ಯಾರ್ ಆಡ್ತಾರ್ರಿ? ಯಾರ್ ನೋಡ್ತಾರ?" ಎಂಬುದು ಅವರ ವಾದ. ಸಂಜೆ ಹೊತ್ತು ಊರಿನ ಹುಡುಗಿಯರು ಚೆಂಡಾಡಲೆಂದು ನರ್ಸಬಾಯಿ ಮನೆಮನೆಗೆ ಹೋಗಿ, ಅಪ್ಪಂದಿರ ಜೊತೆ ಜಗಳಾಡಿ, ಅವರನ್ನು ಕರೆತಂದಿದ್ದು ಇದೇ ಬಯಲಿಗೆ. ಅದು ಹೋದರೆ ಆ ಹುಡುಗಿಯರು ಮತ್ತೆ ಮನೆಯೊಳಗೆ.

ಅಭಿಮಾನಿಗಳ ಅಭಿಪ್ರಾಯ

ಚೆಂಡಿಗೆ ಗಾಳಿ ಹಾಕಿಸುವವರು ನಾವು, ಗಂಟಲು ಹರಿದುಕೊಳ್ಳುವವರು ನಾವು, ಆದರೂ ತಂಡದ ವಿಷಯದಲ್ಲಿ ನಮ್ಮನ್ನು ಒಂದು ಮಾತು ಕೇಳುವುದಿಲ್ಲ ಎಂಬುದು ಸಂಘದ ಹಳೆಯ ದೂರು. ಒಮ್ಮೆ ಎಲ್ಲರೂ ಸೇರಿ ಕ್ಯಾಪ್ಟನ್‌ನನ್ನು ಹಿಡಿದೆವು. ಅವನು ಹತ್ತಿ ಅಂಗಡಿಯಲ್ಲಿ ತೂಕ ಹಿಡಿಯುವವನು, ಯಾರ ಮನಸ್ಸನ್ನೂ ನೋಯಿಸದವನು.

"ಆಯ್ತ್ರಿ," ಅಂದ. "ಇನ್ಮ್ಯಾಲ ಪೆನಾಲ್ಟಿ ಸಿಕ್ಕಾಗ ಯಾರು ಹೊಡೀಬೇಕು ಅಂತ ನೀವೇ ಹೇಳ್ರಿ."

ನಮಗೆ ಪೆನಾಲ್ಟಿ ಸಿಗುವುದಿಲ್ಲ ಎಂಬ ಧೈರ್ಯ ಅವನಿಗೆ. ಆದರೆ ಮುಂದಿನ ವಾರವೇ ದೇವಾಪುರದವರ ಜೊತೆ ಆಡುವಾಗ ಸಿಕ್ಕೇಬಿಟ್ಟಿತು. ಕ್ಯಾಪ್ಟನ್ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಹತ್ತಿರ ನಡೆದು ಬಂದ. "ಹೇಳ್ರಿ, ಯಾರು ಹೊಡೀಬೇಕು?"

ಅಲ್ಲೇ ಸಭೆ ಕೂತಿತು. ಒಬ್ಬರು ತಮ್ಮ ತಂಗಿ ಮಗನ ಹೆಸರು ಹೇಳಿದರು. ಇನ್ನೊಬ್ಬರು, "ಹ್ವಾದ ಸಲಾನೂ ನಿಮ್ಮ ಓಣಿಯವನೇ ಹೊಡದಾನ, ಈ ಸಲ ನಮ್ಮ ಓಣಿಗೆ ಬರಲಿ" ಅಂದರು. ಹೋದ ಸಲ ಯಾವಾಗ ಎಂದು ಯಾರಿಗೂ ನೆನಪಿರಲಿಲ್ಲ, ಅದರ ಮೇಲೆ ಇನ್ನೊಂದು ಚರ್ಚೆ. ನರ್ಸಬಾಯಿ ಒಬ್ಬೊಬ್ಬ ಆಟಗಾರನ ನಾಡಿ ಹಿಡಿದು ನೋಡಿದರು. ಅತ್ತ ದೇವಾಪುರದ ಗೋಲ್‌ಕೀಪರ್ ನಿಂತು ನಿಂತು ಕಂಬಕ್ಕೆ ಒರಗಿದ. ಪಾಪ, ದೂರದಿಂದ ಬಂದ ಹುಡುಗ ಎಂದು ನಮ್ಮವರೇ ಯಾರೋ ಅವನಿಗೆ ಚಹಾ ಕೊಟ್ಟು ಬಂದರು.

ಕಡೆಗೆ ಸರ್ವಾನುಮತದ ತೀರ್ಮಾನ: ಕ್ಯಾಪ್ಟನ್ ಯಾರಂತಾನೋ ಅವರೇ ಹೊಡೆಯಲಿ.

ಕ್ಯಾಪ್ಟನ್ ತಾನೇ ಹೊಡೆದ. ಗೋಲ್‌ಕೀಪರ್ ಒಂದು ಕಾಲು ಮುಂದೆ ಚಾಚಿ ಚೆಂಡು ತಡೆದ. ಗ್ಲಾಸಿನಲ್ಲಿದ್ದ ಚಹಾ ಒಂದು ಹನಿಯೂ ಚೆಲ್ಲಲಿಲ್ಲ.

ರೆಫರಿಯ ಕಣ್ಣು

ಬೇರೆ ಊರುಗಳಲ್ಲಿ ರೆಫರಿಗೆ ಬೈಯುತ್ತಾರಂತೆ. ನಮ್ಮಲ್ಲಿ ಅದು ಆಗದ ಮಾತು. ನಮ್ಮ ರೆಫರಿ ನಿವೃತ್ತ ಪಿ.ಟಿ. ಮಾಸ್ತರು, ಸಂಘದ ಪ್ರತಿಯೊಬ್ಬನೂ ಶಾಲೆಯಲ್ಲಿ ಅವರ ಕೈಯಿಂದ ಪೆಟ್ಟು ತಿಂದವನೇ. ಕಣ್ಣೆದುರೇ ಮೋಸವಾದರೂ ನಾವು ಎದ್ದು ನಿಂತು ಕೈಕಟ್ಟಿ, "ಸರ್ರ, ಜರಾ ನೋಡ್ರೀ ಸರ್ರ!" ಎಂದು ಬೇಡಿಕೊಳ್ಳುತ್ತಿದ್ದೆವು. ಅವರು ನೋಡುತ್ತಿದ್ದರು. ಕಾಣುತ್ತಿರಲಿಲ್ಲ, ಅಷ್ಟೇ.

ಅವರಿಗೊಬ್ಬರಿಗೇ ಕನ್ನಡಕ ಹಾಕಿಸಿದರೆ ಅವಮಾನ. ಅದಕ್ಕೆ ನರ್ಸಬಾಯಿ ಯಾದಗಿರಿಯಿಂದ ಡಾಕ್ಟರನ್ನು ಕರೆಸಿ ಊರಿಗೇ ಕಣ್ಣು ತಪಾಸಣೆ ಇಡಿಸಿದರು. ಕೊಂಕಲ್ ಹಳ್ಳಿಯಿಂದ ಕೂಡ ಮುದುಕಿಯರು ಬಂದರು. ಬಹಳ ವರ್ಷದ ಮೇಲೆ ಸೂಜಿಗೆ ದಾರ ಪೋಣಿಸಿದ ಒಬ್ಬ ಅಜ್ಜಿ ಅಲ್ಲೇ ಕೂತು ನನ್ನ ಅಂಗಿಯ ಗುಂಡಿ ಹೊಲಿದುಕೊಟ್ಟಳು. ನಮ್ಮ ಸಂಘ ಮಾಡಿದ ಕೆಲಸಗಳಲ್ಲಿ ನನಗೆ ಇವತ್ತಿಗೂ ಹೆಮ್ಮೆ ಇರುವುದು ಅದರ ಮೇಲೆ. ಮಾಸ್ತರು ಎಲ್ಲರಿಗಿಂತ ಕೊನೆಗೆ, "ನಂದೇನೂ ಇಲ್ಲ, ಸುಮ್ಮ ನಿಮ್ಮ ಖುಷಿಗೆ" ಎನ್ನುತ್ತ ಬಂದರು. ಹೋಗುವಾಗ ಅವರ ಮೂಗಿನ ಮೇಲೆ ದಪ್ಪ ಕನ್ನಡಕ ಇತ್ತು.

ಮುಂದಿನ ಪಂದ್ಯದಲ್ಲಿ ಅವರು ಮೈದಾನದ ನಡುವೆ ನಿಂತು ಮೊದಲು ಬೆಟ್ಟ ನೋಡಿದರು. "ಅರೆರೆ, ಎಷ್ಟ್ ಚೆಂದ ಮಲಗ್ಯಾದ!" ಎಂದು ಸೀಟಿ ಊದುವುದನ್ನೇ ಮರೆತರು. ಆಮೇಲೆ ಗದ್ದೆಯ ಕೊಕ್ಕರೆಗಳನ್ನು ನೋಡಿದರು. ಆಮೇಲೆ ನಮ್ಮ ತಂಡವನ್ನು ನೋಡಿದರು. ಬೆರಳು ಮಡಿಚಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

ನಮ್ಮ ಕಡೆ ಹನ್ನೆರಡು ಮಂದಿ ಇದ್ದರು. ಎಂದಿನಿಂದ ಹಾಗಿತ್ತೋ, ದೇವರಾಣೆಗೂ ನಮಗೆ ಗೊತ್ತಿರಲಿಲ್ಲ.

ನಾವೆಲ್ಲ ತಲೆ ತಗ್ಗಿಸಿ ನಿಂತಾಗ ನರ್ಸಬಾಯಿ ನಿಟ್ಟುಸಿರು ಬಿಟ್ಟರು. "ಮೋಸ ಮಾಡೀವಿ ಅಂತ ನನಗ ದುಃಖ ಇಲ್ಲೋ. ಹನ್ನೆರಡು ಮಂದಿ ಆಡಿನೂ ಸೋತೀವಲ್ಲ!"

ಅಳಿಯಂದಿರ ಮರ್ಯಾದೆ

ಸುರಪುರದ ತಂಡ ಬಂದರೆ ನಮ್ಮ ಕೂಗು ಅರ್ಧಕ್ಕೆ ಇಳಿಯುತ್ತದೆ. ಕಾರಣ, ಅವರ ಗೋಲ್‌ಕೀಪರ್ ನಮ್ಮ ನರ್ಸಬಾಯಿಯ ಅಳಿಯ. ಅಳಿಯನೆಂದರೆ ಗೊತ್ತಲ್ಲ, ಬಂದರೆ ಎದ್ದು ನಿಲ್ಲಬೇಕು, ಉಣ್ಣುವಾಗ ಬೇಡವೆಂದರೂ ಬಡಿಸಬೇಕು. ಅಂಥವನ ಸೋಲು ಬಯಸಿ ಊರೆದುರು ಕೂಗುವುದು ಹೇಗೆ?

ಒಮ್ಮೆ ಅವರ ಜೊತೆ ಆಡುವಾಗ ನಮ್ಮ ಮುಂಚೂಣಿ ಆಟಗಾರ ಹೇಗೋ ಎಲ್ಲರನ್ನೂ ದಾಟಿ ಗೋಲಿನ ಎದುರಿಗೆ ಒಬ್ಬನೇ ಹೋಗಿಬಿಟ್ಟ. ನರ್ಸಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. "ಹೊಡಿಯೋ! ಜೋರ್ ಹೊಡಿ!" ಎಂದವರಿಗೆ ತಟ್ಟನೆ ನೆನಪಾಯಿತು. "ಏ, ಅಳಿಯಂದ್ರಿಗೆ ಬಡೀಬಾರದು ನೋಡು! ಜರಾ ಬಾಜೂಕ ಹೊಡಿ!"

ಹುಡುಗ ವಿಧೇಯ. ಬಾಜೂಕ ಹೊಡೆದ. ಚೆಂಡು ಗೋಲಿನಿಂದ ಆರು ಮಾರು ದೂರ ಹೋಗಿ ಗದ್ದೆಯ ಕೆಸರಲ್ಲಿ ಕೂತಿತು.

ಸುರಪುರದ ಗೋಲ್‌ಕೀಪರ್ ನಮ್ಮ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ಬಾಗಿದ. "ನಿಮ್ಮ ಆಶೀರ್ವಾದ ಇರ್ಲಿರಿ, ಅತ್ತೀ!"

ಸಾಹೇಬರ ನಿದ್ದೆ

ಲಾರಿ ಅಡ್ಡೆಯ ಮಾತು ಕಡೆಗೆ ಯಾದಗಿರಿಯ ಜಿಲ್ಲಾ ಕಚೇರಿ ಮುಟ್ಟಿತು. ಬಯಲನ್ನು ಊರು ನಿಜವಾಗಿ ಬಳಸುತ್ತದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಲು ಒಬ್ಬ ಸಾಹೇಬರು ಬರುತ್ತಾರೆ, ಅವರು ಹೇಳಿದ್ದೇ ಕೊನೆ ಎಂದು ತಿಳಿಯಿತು. ಸುರಪುರದವರನ್ನು ಪಂದ್ಯಕ್ಕೆ ಕರೆದೆವು. ನರ್ಸಬಾಯಿ ಓಣಿ ಓಣಿ ತಿರುಗಿ, "ಎಲ್ಲಾರೂ ಬರ್ರಿ, ಬೆಟ್ಟ ಎದ್ದು ಕೂಡಬೇಕು, ಹಂಗ ಕೂಗ್ರಿ" ಎಂದು ಹೇಳಿ ಬಂದರು. ಊರಿಗೆ ಊರೇ ಬಂತು. ಹುಡುಗಿಯರು ಶಾಲೆಯ ರಿಬ್ಬನ್ ಬಿಚ್ಚಿ ಕೋಲಿಗೆ ಕಟ್ಟಿಕೊಂಡು ಬಂದರು.

ಸಾಹೇಬರು ಮಧ್ಯಾಹ್ನವೇ ಬಂದರು. ಒಳ್ಳೆಯ ಮನುಷ್ಯ, ದಣಿದಿದ್ದರು. ಬಂದವರನ್ನು ಉಪವಾಸ ಕೂರಿಸುವುದುಂಟೆ? ಬೇವಿನ ಮರದ ಕೆಳಗೆ ಊಟಕ್ಕಿಟ್ಟೆವು: ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ತುಪ್ಪದಲ್ಲಿ ಮುಳುಗಿದ ಹೋಳಿಗೆ. "ಸಾಕ್ರಿ" ಅಂದಾಗೆಲ್ಲ ನರ್ಸಬಾಯಿ, "ನನ್ನ ಆಣಿ ಅದ, ಇದೊಂದು" ಎಂದು ಬಡಿಸಿದರು. ಮೇಲೆ ಮಜ್ಜಿಗೆ. ಕೈ ತೊಳೆದು ಬಂದ ಸಾಹೇಬರು, ಆಟ ಶುರುವಾಗುವ ತನಕ ಕೂತಿರಲೆಂದು ಹಾಕಿದ್ದ ಹಗ್ಗದ ಹೊರಸಿನ ಮೇಲೆ ಕೂತರು. ಗದ್ದೆಯ ಮೇಲಿಂದ ತಣ್ಣನೆ ಗಾಳಿ ಬೀಸಿತು. ಕೂತವರು ಒರಗಿದರು. ಒರಗಿದವರು ಬೆಟ್ಟದ ಹಾಗೆಯೇ ಬಲಕ್ಕೆ ಹೊರಳಿ, ಕೈ ತಲೆಗಿಟ್ಟುಕೊಂಡು ಮಲಗಿಬಿಟ್ಟರು.

ಸಂಘದ ತುರ್ತು ಸಭೆ ಪಿಸುಮಾತಿನಲ್ಲಿ ನಡೆಯಿತು.

"ಎಬ್ಬಸಬೇಕ್ರಿ," ಅಂದ ಕ್ಯಾಪ್ಟನ್.

"ಉಂಡು ಮಲಗಿದವರನ್ನ ಎಬ್ಬಸ್ತಾರೇನು? ಸಿಟ್ಟು ಬಂತಂದ್ರ ಲಾರಿ ನಾಳೀನ ಬರ್ತಾವ," ಅಂದೆ ನಾನು.

ನರ್ಸಬಾಯಿ ಯೋಚಿಸಿದರು. "ಅವರಷ್ಟಕ್ಕ ಅವರು ಏಳಲಿ. ಎದ್ದಾಗ ಖಾಲಿ ಬಯಲು ಕಾಣಬಾರದು, ಆಟ ನಡದಿರಬೇಕು. ಶುರು ಮಾಡ್ರಿ. ಆದ್ರ ಯಾರೂ ಪಿಟ್ ಅನ್ನಬ್ಯಾಡ್ರಿ."

ಹಾಗೆ ಶುರುವಾಯಿತು ಆ ಪಂದ್ಯ. ಮಾಸ್ತರು ಸೀಟಿ ಜೇಬಿಗೆ ಹಾಕಿ ಕರವಸ್ತ್ರ ಬೀಸಿದರು. ಆಟಗಾರರು ಬರಿಗಾಲಲ್ಲಿ ಓಡಿದರು. ಎಡವಿ ಬಿದ್ದವನು ಬಾಯಿಗೆ ಕೈ ಅಡ್ಡ ಹಿಡಿದು ಬಿದ್ದ. ಅಷ್ಟು ಜನ ಸೇರಿದ ಬಯಲಿನಲ್ಲಿ ಭತ್ತದ ಎಲೆ ಸರಿದಾಡುವುದು ಕೇಳುತ್ತಿತ್ತು. ಅಳುವ ಕೂಸುಗಳಿಗೆ ತಾಯಂದಿರು ಬೆಲ್ಲ ತಿನ್ನಿಸಿದರು. ಬಿಸಿಲು ಹಳದಿಯಾಗಿ ಬೆಟ್ಟದಿಂದ ಇಳಿದು ಬರುತ್ತಿತ್ತು. ನಾನು ಅಂಗಡಿಯ ಬಾಗಿಲಲ್ಲೇ ಕೂತಿದ್ದೇನೋ, ಇಲ್ಲಿ ನಿಂತಿದ್ದೇನೋ ಎಂಬುದೇ ತಿಳಿಯದಂತಾಯಿತು.

ಆಗ ನಮ್ಮ ಹುಡುಗ ಹೊಡೆದ ಚೆಂಡು ಅಳಿಯಂದಿರ ಕೈಗೆ ಸಿಗದೆ, ಬಾಜೂಕ ಹೋಗದೆ, ನೆಟ್ಟಗೆ ಗೋಲಿನೊಳಗೆ ಹೋಯಿತು.

ನಮ್ಮ ತಂಡದ ಮೊದಲ ಗೋಲು. ಯಾರೂ ಕೂಗಲಿಲ್ಲ. ಇಡೀ ಊರು ಎರಡೂ ಕೈ ಬಾಯಿಗೆ ಒತ್ತಿಕೊಂಡು ಎದ್ದು ನಿಂತಿತು. ಹುಡುಗಿಯರು ರಿಬ್ಬನ್ ಕೋಲು ಎತ್ತಿ ಸದ್ದಿಲ್ಲದೆ ಕುಣಿದರು. ಗೋಲು ಹೊಡೆದವನು ತುದಿಗಾಲಲ್ಲಿ ಮೈದಾನದ ಸುತ್ತ ಓಡಿದ, ಅವನ ಹಿಂದೆ ಇಡೀ ತಂಡ ತುದಿಗಾಲಲ್ಲಿ. ನರ್ಸಬಾಯಿಯ ಕೆನ್ನೆ ಒದ್ದೆಯಾಗಿತ್ತು. ನನಗೂ ತಡೆಯಲಾಗಲಿಲ್ಲ, ಟವೆಲ್ ಬಾಯಿಗೆ ತುರುಕಿಕೊಂಡು ಅತ್ತೆ. ಮಾಸ್ತರು ಕರವಸ್ತ್ರ ಬೀಸಿ ಆಟ ಮುಗಿಸಿದರು. ಗೆದ್ದಿದ್ದೆವು!

ಅದೇ ಹೊತ್ತಿಗೆ ಹೊರಸು ಕಿರ್ರೆಂದಿತು. ಸಾಹೇಬರು ಎದ್ದು ಕೂತು ಕಣ್ಣುಜ್ಜಿಕೊಂಡರು. ಸುತ್ತಲೂ ಮೌನವಾಗಿ ನಿಂತ ಜನರನ್ನು ನೋಡಿದರು.

"ಏನ್ರಿ, ಇನ್ನೂ ಆಟ ಶುರು ಮಾಡಿಲ್ಲೇನು?"

ಮುಗಿಯಿತು ಅಂದರೆ ಅವರ ಮರ್ಯಾದೆ ಹೋಗುತ್ತದೆ. ಅವರ ಮರ್ಯಾದೆ ಹೋದರೆ ನಮ್ಮ ಬಯಲು ಹೋಗುತ್ತದೆ. ನರ್ಸಬಾಯಿ ಹುಡುಗಿಯರ ಕಡೆ ಒಮ್ಮೆ ನೋಡಿದರು, ಆಮೇಲೆ ಅಳಿಯನ ಕಡೆ ನೋಡಿದರು. ಅಳಿಯ ಮೆಲ್ಲಗೆ ತಲೆಯಾಡಿಸಿದ.

"ನಿಮ್ಮ ಸಲುವಾಗೇ ಕಾಯಾಕತ್ತೀವ್ರಿ, ಸಾಹೇಬ್ರ," ಅಂದರು ನರ್ಸಬಾಯಿ. "ನೀವು ಹೂಂ ಅಂದ್ರ ಶುರು ಮಾಡ್ತಾರ."

ಸಾಹೇಬರು ಹೂಂ ಅಂದರು. ಮಾಸ್ತರು ಸೀಟಿ ಊದಿದರು. ಅಷ್ಟು ಹೊತ್ತು ಗಂಟಲಲ್ಲಿ ಕಟ್ಟಿ ಹಾಕಿದ್ದ ಕೂಗು ಒಮ್ಮೆಲೇ ಹೊರಬಿತ್ತು ನೋಡಿ, ಗದ್ದೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಸಾಹೇಬರು ಹೊರಸಿನ ಮೇಲೆ ಹತ್ತಿ ನಿಂತು ತಾವೂ ಕೂಗಿದರು. ನಮ್ಮ ಹುಡುಗರ ಕಾಲಲ್ಲಿ ಇನ್ನು ಶಕ್ತಿ ಎಲ್ಲಿತ್ತು? ನಾಲ್ಕು ಗೋಲಿನಿಂದ ಸೋತೆವು. ಸೋಲುತ್ತ ಹೋದಷ್ಟೂ ಜನ ಜೋರಾಗಿ ಕೂಗಿದರು.

"ಇಷ್ಟ್ ಮಂದಿ ಜೀವ ಬಿಡೋ ಜಾಗಾದಾಗ ಲಾರಿ ಯಾವನ್ ನಿಲ್ಲಸ್ತಾನ? ನಾ ಬರೀತೀನಿ ಬಿಡ್ರಿ," ಅಂದರು ಸಾಹೇಬರು. ಬರೆದರು ಕೂಡ. ಲಾರಿಗಳಿಗೆ ಊರಾಚೆ ಬೇರೆ ಜಾಗ ಸಿಕ್ಕಿತು, ಹುಡುಗಿಯರು ಇವತ್ತಿಗೂ ಸಂಜೆ ಅಲ್ಲೇ ಆಡುತ್ತಾರೆ.

ಆ ಸಂಜೆ ಜೀಪು ಹತ್ತುವ ಮುಂಚೆ ಸಾಹೇಬರು ನಮ್ಮ ಬಾಡಿದ ಮುಖಗಳನ್ನು ನೋಡಿ ಕರಗಿಹೋದರು. ಕ್ಯಾಪ್ಟನ್‌ನ ಹೆಗಲ ಮೇಲೆ ಕೈಯಿಟ್ಟು ಬಹಳ ಅಂತಃಕರಣದಿಂದ ಹೇಳಿದರು: "ಮನಸ್ಸು ಸಣ್ಣ ಮಾಡ್ಕೋಬ್ಯಾಡ್ರಿ. ನನ್ನ ಕಣ್ಣ ಮುಂದ ಒಂದಿಲ್ಲೊಂದು ದಿನ ನೀವೂ ಗೆಲ್ತೀರಿ."

"ಹೌದ್ರಿ, ಸಾಹೇಬ್ರ," ಅಂದಿತು ಇಡೀ ಊರು.