ಒಂದನೇ ದರ್ಜೆಯ ಬಿಲ್ಲು

“ಮರದ ವಿಷಯ ನನಗೆ ಹೇಳಬೇಡಿ! ಮೂವತ್ತೊಂದು ವರ್ಷ ಮರದ ಡಿಪೋದಲ್ಲಿ ಗುಮಾಸ್ತನಾಗಿದ್ದೋನು ನಾನು. ಬೆರಳಲ್ಲಿ ಕುಟ್ಟಿದ್ರೆ ಸಾಕು, ಮರ ತನ್ನ ಪೂರ್ವಾಪರ ಎಲ್ಲಾ ಒದರುತ್ತೆ. ಬಿಲ್ಲಿಗೆ ಎಂಥಾ ಮರ ಬೇಕು ಗೊತ್ತಾ? ಹಸಿ ಇರಬಾರದು, ವರ್ಷಗಟ್ಟಲೆ ನೆರಳಲ್ಲಿ ಒಣಗಿರಬೇಕು. ಗಂಟಿರಬಾರದು. ಭಾರ ಬಿದ್ರೆ ಬಾಗಬೇಕು, ಭಾರ ತೆಗೆದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ನೆಟ್ಟಗೆ ನಿಲ್ಲಬೇಕು. ಅಂಥಾ ಮರ ಈ ಬೀದಿಯಲ್ಲೇ ಎಲ್ಲೋ ಇದೆ. ಭಾನುವಾರದೊಳಗೆ ಹುಡುಕಿ, ಒಂದನೇ ದರ್ಜೆಯ ಬಿಲ್ಲು ಮಾಡಿಕೊಡದಿದ್ರೆ ನನ್ನನ್ನ ಅಜ್ಜ ಅನ್ನಬೇಡ ಮಗಳೇ, ಕಂಬ ಅನ್ನು!”

ಅಜ್ಜ ಹೀಗೆ ಘೋಷಿಸಿದ್ದು ಬುಧವಾರ ಬೆಳಿಗ್ಗೆ, ಮೊಮ್ಮಗಳ ಮುಂದೆ. ಭಾನುವಾರ ಅವಳ ಶಾಲೆಯಲ್ಲಿ ಬಿಲ್ಲು ಸ್ಪರ್ಧೆ. ಅಂಗಡಿಯ ಬಿಲ್ಲು ನಡೆಯದು; ಸುತ್ತಮುತ್ತಲಿನ ಮರದಿಂದ ಮನೆಯಲ್ಲೇ ಮಾಡಿದ್ದಾಗಬೇಕು. ಬಿಲ್ಲಿಲ್ಲದವರು ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟಬೇಕು. ಎರಡು ತಿಂಗಳು ಶಾಲೆಯ ಬಿಲ್ಲೆಳೆದು ಹುಡುಗಿಯ ಬೆರಳ ತುದಿಗಳು ಒರಟಾಗಿದ್ದವು.

ಅಜ್ಜಿ ಕಾಳು ಆರಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಅಜ್ಜನ ಮಾತನ್ನು ಕೊನೆಯವರೆಗೆ ಕೇಳುವವರು ಆ ಮನೆಯಲ್ಲಿ ಅವರೊಬ್ಬರೇ. ಹೇಳುವ ಅಜ್ಜನೇ ಅರ್ಧಕ್ಕೆ ಮರೆಯುತ್ತಿದ್ದರು. ಒಣಗಿದ್ದು... ಗಂಟಿಲ್ಲದ್ದು... ಬಾಗಿ ಮತ್ತೆ ನಿಲ್ಲುವುದು... ಅಜ್ಜಿ ಹಿತ್ತಿಲ ಕಡೆ ನೋಡಿದರು. ಅಂಥದ್ದೊಂದು ಹಿತ್ತಿಲಲ್ಲೇ ನಿಂತಿತ್ತು! ಬಟ್ಟೆ ತಂತಿ ಜೋಲದಂತೆ ಎತ್ತಿ ಹಿಡಿಯುವ ಹಿಪ್ಪುನೇರಳೆಯ ಕವೆಗೋಲು. ಎರಡು ವರ್ಷ ಅಟ್ಟದ ಮೇಲೆ ಒಣಗಿಸಿ ಅಜ್ಜಿಯೇ ನಿಲ್ಲಿಸಿದ್ದು, ಹನ್ನೆರಡು ವರ್ಷದ ಜೊತೆಗಾರ. ಒದ್ದೆ ಕಂಬಳಿ ಹಾಕಿದರೆ ಸೊಂಟ ಬಗ್ಗಿಸುತ್ತಿತ್ತು, ತೆಗೆದರೆ ನೆಟ್ಟಗಾಗುತ್ತಿತ್ತು. ಒಂದು ದಿನವೂ ಎದುರು ಮಾತಾಡಿದ್ದಿಲ್ಲ. ಮನೆಯಲ್ಲಿ ಆ ಗುಣ ಇದ್ದದ್ದು ಅದಕ್ಕೊಂದಕ್ಕೇ!

ಅಜ್ಜಿ ಮೆಲ್ಲಗೆ ಎದ್ದು ಕೋಲನ್ನು ಒಳಗೆ ತಂದು ಬೀರುವಿನ ಹಿಂದೆ ಸರಿಸಿದರು. “ಏನೂಂದ್ರೆ, ಸ್ವಲ್ಪ ದೂರ ಹೋಗಿ ಹುಡುಕಿ,” ಎಂದು ಟೋಪಿಯನ್ನೂ ಕೈಗಿತ್ತರು. ಅಲ್ಲಿಂದ ಮೂರು ದಿನ ಬಟ್ಟೆಗಳು ಕುರ್ಚಿಗಳ ಮೇಲೆ ಒಣಗಿದವು. ಮರ ಹುಡುಕುವ ಮಹಾಕಾರ್ಯದಲ್ಲಿ ಅಜ್ಜನಿಗೆ ಅದೂ ಕಾಣಲಿಲ್ಲ.

ಅಜ್ಜ ದೂರವೇನೂ ಹೋಗಲಿಲ್ಲ. ಪಕ್ಕದ ಮನೆಯ ಹೊಲಿಗೆಯಾಕೆಯ ಸೀಬೆ ಮರ ಹತ್ತಿದರು.

“ಅಜ್ಜಾ, ಅದು ಹಸಿ ಕೊಂಬೆ ಅಲ್ವಾ?”

“ನೀನು ಬಟ್ಟೆ ನೋಡಮ್ಮ, ಮರ ನಾನು ನೋಡ್ತೀನಿ!”

ಅಜ್ಜನಿಗೆ ಮರದ ವಿಷಯ ಗೊತ್ತಾಗುವ ಮೊದಲೇ ಕೆಂಪಿರುವೆಗಳಿಗೆ ಅಜ್ಜನ ವಿಷಯ ಗೊತ್ತಾಯಿತು. ಕುಣಿಯುತ್ತಲೇ ತಂದ ಕೊಂಬೆಗೆ ದಾರ ಬಿಗಿದು ಎಳೆದರೆ, ಅದು ದೊಡ್ಡವರ ಕಾಲಿಗೆ ಬೀಳುವಂತೆ ವಿನಯವಾಗಿ ಬಗ್ಗಿತು. ಮತ್ತೆ ಏಳಲೇ ಇಲ್ಲ!

ಗುರುವಾರ ಅಜ್ಜನ ಕಣ್ಣು ಮಂಚದ ಮೇಲೆ ಬಿತ್ತು. “ತೇಗ! ಒಂದನೇ ದರ್ಜೆ!”

“ಅದು ಮಂಚ ಕಣ್ರೀ.”

“ನಿನಗೆ ಮಂಚ ಕಾಣುತ್ತೆ, ನನಗೆ ಬಿಲ್ಲು ಕಾಣುತ್ತೆ!”

ಮಂಚದ ಪಕ್ಕದ ಪಟ್ಟಿ ಕಳಚಿ, ತೆಳ್ಳಗೆ ಕೀಸಿ, ಒಂದು ತುದಿಯನ್ನು ಅಡುಗೆಮನೆ ಕಿಟಕಿಯ ಸರಳಿಗೆ ಸಿಕ್ಕಿಸಿ, ಇನ್ನೊಂದಕ್ಕೆ ಅಜ್ಜ ಜೋತುಬಿದ್ದರು. ತೇಗ ಬಾಗಲಿಲ್ಲ. ಕಿಟಕಿ ಬಾಗಿತು! ಸರಳು, ಚೌಕಟ್ಟು, ಅಜ್ಜ, ಮೂವರೂ ಒಟ್ಟಿಗೇ ಬಂದು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಆಸೀನರಾದರು.

“ಡಿಪೋದಲ್ಲಿ ನೀವು ಮಾರ್ತಿದ್ದದ್ದು ಬಾಗಿಲಿನ ಮರ ಅಲ್ವಾ?” ಅಜ್ಜಿ ಟವೆಲು ಚಾಚುತ್ತಾ ಕೇಳಿದರು.

“ಹೌದು. ಏನೀಗ?”

“ಏನಿಲ್ಲ. ಬಾಗಿಲು ಅಂದ್ರೆ ಬಗ್ಗಬಾರದು. ಬಿಲ್ಲು ಅಂದ್ರೆ ಬಗ್ಗಬೇಕು. ಅಷ್ಟೇ.”

ಶುಕ್ರವಾರ ಬೇಕರಿಯವನ ಸೌದೆ ರಾಶಿಯಿಂದ ಒಣ ಹುಣಸೆ ಕೋಲೊಂದು ಬಂತು. “ಕುಟ್ಟಿ ನೋಡಿದೆ ಕಣೇ, ‘ನಾನೇ ಬಿಲ್ಲು’ ಅಂತು!” ನಡುವೆ ಕಡಲೆಕಾಯಿಯಷ್ಟು ದೊಡ್ಡ ಗಂಟಿದ್ದದ್ದನ್ನು ಮಾತ್ರ ಅದು ಹೇಳಲಿಲ್ಲವಂತೆ. ದಾರ ಎಳೆದದ್ದೇ, ಢಮಾರ್! ಅರ್ಧ ಅಜ್ಜನ ಕೈಯಲ್ಲಿ ಉಳಿಯಿತು. ಇನ್ನರ್ಧ ಗೋಡೆ ದಾಟಿ ಹಾರಿ, ಹೊಸ ಕೋಟು ತೊಟ್ಟು ನಿಂತಿದ್ದ ಹೊಲಿಗೆಯಾಕೆಯ ಬೊಂಬೆಯನ್ನು ನೆಲಕ್ಕುರುಳಿಸಿತು.

ಆಕೆ ಗೋಡೆಯ ಮೇಲಿಂದ ಇಣುಕಿದಳು. “ಅಜ್ಜಾ, ಬಿಲ್ಲಿಂದ ಬಾಣ ಹಾರೋದು ಕೇಳಿದ್ದೆ. ನಿಮ್ಮನೇಲಿ ಬಿಲ್ಲೇ ಹಾರುತ್ತಲ್ಲ!”

ಶನಿವಾರ ಬೆಳಿಗ್ಗೆ ಮೊಮ್ಮಗಳು ಅಜ್ಜನ ಪಕ್ಕ ಬಂದು ಕೂತಳು. “ಪರವಾಗಿಲ್ಲ ಬಿಡಜ್ಜ. ನಾನು ಚಪ್ಪಾಳೆನೂ ಚೆನ್ನಾಗಿ ತಟ್ತೀನಿ.”

ಅಜ್ಜ ಸುಮ್ಮನಿದ್ದರು. ಮದುವೆಯಾದ ಮೇಲೆ ಅಜ್ಜ ಸುಮ್ಮನಿದ್ದದ್ದನ್ನು ಅಜ್ಜಿ ಕೇಳಿಸಿಕೊಂಡದ್ದು ಅದೇ ಮೊದಲು. ಎಲ್ಲ ಸದ್ದಿಗೂ ಒಗ್ಗಿದ ಕಿವಿ, ಅದೊಂದನ್ನು ತಾಳಲಿಲ್ಲ. ಎದ್ದು ಹೋಗಿ ಬೀರುವಿನ ಹಿಂದಿನ ಕೋಲನ್ನು ತಂದರು. ಸೆರಗಿನಿಂದ ಒಂದು ಸಲ ಒರೆಸಿದರು. ಕೊಟ್ಟರು.

ಅಜ್ಜ ಕುಟ್ಟಿದರು. ಬಗ್ಗಿಸಿದರು. ಬಿಟ್ಟರು. ಕೋಲು ಛಟ್ಟನೆ ನೆಟ್ಟಗಾಯಿತು!

“ಇದು... ಇದು ಎಲ್ಲಿತ್ತೇ?”

“ಹನ್ನೆರಡು ವರ್ಷದಿಂದ ನಿಮ್ಮ ಪೈಜಾಮ ಎತ್ತಿ ಹಿಡ್ಕೊಂಡಿತ್ತು.”

“ಮತ್ತೆ ಮೂರು ದಿನದಿಂದ ಯಾಕೆ ಹೇಳಲಿಲ್ಲ?”

“ಮರಾನೇ ನಿಮ್ಮ ಹತ್ರ ಮಾತಾಡುತ್ತಲ್ಲ, ಅದೇ ಹೇಳಲಿ ಅಂತ ಬಿಟ್ಟೆ!”

ಬಾಯಲ್ಲಿ ಹಾಗಂದರೂ, ಗರಗಸ ಆಡುವಾಗ ಅಜ್ಜಿ ಒಳಗೆ ಹೋಗಿಬಿಟ್ಟರು.

ಭಾನುವಾರ ಮೊಮ್ಮಗಳು ಎಂಟು ಬಾಣ ಬಿಟ್ಟಳು. ಆರು ಗುರಿಯ ಸುತ್ತಮುತ್ತ ನಾಟಿದವು, ಒಂದು ನಟ್ಟನಡುವೆ, ಇನ್ನೊಂದು ಎಲ್ಲಿ ಹೋಯಿತೋ ಇವತ್ತಿಗೂ ಪತ್ತೆಯಿಲ್ಲ. ಮೂರನೇ ಸ್ಥಾನ! ಅಜ್ಜಿ ಹುಡುಗಿಯ ಬೆನ್ನು ತಟ್ಟಿದರು. ಇನ್ನೊಂದು ಕೈಯಿಂದ ಬಿಲ್ಲಿನ ಬೆನ್ನನ್ನೂ ಸವರಿದರು.

ಸೋಮವಾರ ಕಂಬಳಿ ಒಗೆಯುವ ದಿನ. ಬಿಲ್ಲಿಗೆಂದು ಕೋಲು ಕತ್ತರಿಸಿದ ಮೇಲೆ ಉಳಿದ ಕವೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ, ಅದರ ಮೇಲೆ ತಂತಿ ಹೊತ್ತು, ಅಜ್ಜ ಹಿತ್ತಿಲ ನಡುವೆ ನಿಂತಿದ್ದರು. ಮೊಮ್ಮಗಳು ಪುಸ್ತಕದ ಚೀಲ ಹೆಗಲಿಗೇರಿಸಿ, “ಬರ್ತೀನಿ, ಕಂಬ!” ಎಂದು ಕೂಗಿ ಓಡಿದಳು.

“ಕೈ ಸೋಲ್ತಿದೆ ಕಣೇ. ಬೇರೆ ಕೋಲು ತಂದುಬಿಡ್ತೀನಿ. ಯಾವ ಮರದ್ದು ಅಂತ ನೀನೇ ಹೇಳು.”

“ಹೇಳೋಣ, ಆತುರ ಏನು? ಡಿಪೋ ನೆರಳಲ್ಲಿ ಮೂವತ್ತೊಂದು ವರ್ಷ ಒಣಗಿದ ಮರ, ಅಷ್ಟು ಬೇಗ ಮುರಿಯಲ್ಲ,” ಎಂದ ಅಜ್ಜಿ ಎರಡನೇ ಕಂಬಳಿಯನ್ನು ಹಿಂಡಿ, ಕೊಡವಿ, ತಂತಿಯ ಮೇಲೆ ಹರವಿದರು.