ಎಣ್ಣೆ ಮಿಲ್ಲಿನ ಅಜ್ಜಿ ಇಟಲಿ ಕಾರು ಮಾರಿದ್ದು

ಗ್ಯಾರೇಜಲ್ಲಿ ಕೆಲಸ ಮಾಡೋರಿಗೆ ದಿನಾ ಒಂದಲ್ಲ ಒಂದು ನಗೋ ಅಂಥದ್ದು ಸಿಗ್ತಾನೇ ಇರ್ತದೆ. ಆದ್ರೆ ಒಂದೇ ಒಂದು ಕಾರು ಮಾರಕ್ಕೋಗಿ ನಾಲ್ಕು ತಾಲೂಕಿನ ಜನರ ಕೈಲಿ ಮಾತು ಕೇಳಿದೋನು ನಾನೊಬ್ನೇ ಇರ್ಬೇಕು! ತಡೀರಿ, ಮೊದ್ಲಿಂದ ಹೇಳ್ತೀನಿ, ಇಲ್ದಿದ್ರೆ ನಾನೇ ಮುಂಚೆ ನಕ್ಕುಬುಡ್ತೀನಿ.

ಮಧುಗಿರೀಲಿ ಒಂದು ಕಡ್ಲೆಕಾಯಿ ಎಣ್ಣೆ ಮಿಲ್ಲಿತ್ತು. ಅದರ ಯಜಮಾನ್ರು, ಬೆಂಗ್ಳೂರಲ್ಲಿ ಯಾರೋ ಪರಂಗಿ ದೊರೆ ಊರು ಬುಟ್ಟು ಹೋಗುವಾಗ ಅವನ ಇಟಲಿ ಕಾರು ತಕೊಂಡು ಬಂದುಬುಟ್ಟಿದ್ರು. ರೇಸ್ ಕಾರು! ಹಣ್ಣು ಮೆಣಸಿನಕಾಯಿ ಇದ್ದಂಗೆ ಕೆಂಪಗೆ, ಎರಡೇ ಸೀಟು, ಎತ್ತರ ನನ್ನ ಸೊಂಟಕ್ಕೆ ಬತ್ತಿತ್ತು ಅಷ್ಟೇ. ಅಂಥದ್ದು ಇಡೀ ದೇಶದಲ್ಲೇ ಒಂದೋ ಎರಡೋ ಅಂತೆ. ಯಜಮಾನ್ರು ತೀರ್ಕೊಂಡ ಮ್ಯಾಲೆ ಮಿಲ್ಲಿನ ಶೆಡ್ಡಲ್ಲಿ ಸುಮ್ನೆ ನಿಂತಿತ್ತು. ಅವರ ಹೆಂಡ್ತೀನ ಊರೆಲ್ಲಾ ಅಜ್ಜಿ ಅಂತಿದ್ರು. ಆ ಕಾರು ಕೆಡದಂಗೆ ನೋಡ್ಕೊತಿದ್ದೋನು ನಾನೇ, ಅದಕ್ಕೇ ಅಜ್ಜಿ ಒಂದಿನ ನನ್ನ ಕರೆಸಿದ್ರು.

"ಲೇ ಮಗಾ, ನಾನು ಕಣ್ಮುಚ್ಚಿದ್ರೆ ನನ್ ಮಕ್ಳು ಇದನ್ನ ಗುಜರಿಗೆ ಹಾಕ್ತಾರೆ ಕಣ್ಲಾ. ಅಷ್ಟರೊಳಗೆ ಒಂದು ಒಳ್ಳೆ ಮನೆ ನೋಡಿ ಸೇರಿಸ್ಬೇಕು."

"ಮನೆ ನೋಡದಾ? ಕಾರಿಗಾ ಅಜ್ಜಿ?"

"ಇನ್ನೇನು, ನಿಂಗಾ?"

ಕೊರಟಗೆರೆ ಬೀಗರು

ಮೊದ್ಲು ಬಂದಿದ್ದು ಕೊರಟಗೆರೆಯ ಒಬ್ಬ ಸಾಹುಕಾರ. ಮಗಳ ಮದ್ವೆ ಹತ್ರ ಬಂದಿತ್ತು. "ಅಳಿಯಂಗೆ ಕೊಡೋಣ, ಮೆರವಣಿಗೇನೂ ಇದ್ರಲ್ಲೇ ಆಗೋಗ್ಲಿ" ಅಂತ ಬಂದಿದ್ದ. ನಾನು ಕಾರಿನ ಮೇಲಿದ್ದ ಗೋಣಿತಾಟು ಎತ್ತುದ್ನೋ ಇಲ್ವೋ, ಮನುಷ್ಯ ಬಾಯಿ ಬಿಟ್ಕೊಂಡು ನಿಂತುಬುಟ್ಟ. ಒಂದು ಸುತ್ತು ಹಾಕ್ದ, ಇನ್ನೊಂದು ಸುತ್ತು ಹಾಕ್ದ, ಆಮೇಲೆ ಬಗ್ಗಿ ಒಳಗೆ ನೋಡ್ದ.

"ಹೆಣ್ಣು ಗಂಡು ಮುಂದೆ ಕೂತ್ರು. ಸೋದರಮಾವ ಎಲ್ಲಿ ಕೂತ್ಕೊಬೇಕು?"

"ಜಾಗ ಇಲ್ಲ ಸಾಮಿ."

"ಕಳಸ ಹಿಡಿಯೋ ಹುಡುಗಿ?"

"ಆಯಮ್ಮಂಗೂ ಇಲ್ಲ. ಇಬ್ರಿಗೇ ಸಾಮಿ ಇದು. ಜುಂಯ್ ಅಂತ ಹೋಗ್ತದೆ, ಹಿಂದ್ಗಡೆ ಬರೋರು ಧೂಳು ನೋಡ್ಬೇಕು ಅಷ್ಟೇ!"

ನಾನು ಹುರುಪಲ್ಲಿ ಹೇಳಿದ್ದು. ಸಾಹುಕಾರನ ಮುಖ ಸಪ್ಪಗಾಯ್ತು. ಟವೆಲ್ಲು ಹೆಗಲಿಗೆ ಹಾಕ್ಕೊಂಡ.

"ಅಲ್ಲಯ್ಯಾ, ಇಬ್ರೇ ಕೂತ್ಕೊಂಡು ಜುಂಯ್ ಅಂತ ಹೋದ್ರೆ ಅದನ್ನ ಮೆರವಣಿಗೆ ಅಂತಾರಾ? ಓಡೋದ್ರು ಅಂತಾರೆ!"

ಪಾವಗಡದ ದಾರೀಲಿ ಹುರುಳಿ

ಎರಡ್ನೆಯೋರು ಪಾವಗಡದ ಕಡ್ಲೆಕಾಯಿ ವ್ಯಾಪಾರಿ, ಅರ್ಧ ಕನ್ನಡ ಅರ್ಧ ತೆಲುಗು. ನೋಡಿದ್ ತಕ್ಷಣ "ಏಮಯ್ಯಾ ಇದಿ, ಕಾರಾ, ಕಪ್ಪೇನಾ?" ಅಂದ್ರು. ಕೂತು ನೋಡಿ ಆಮೇಲೆ ಹೇಳಿ ಅಂತ ನಾನೇ ಪಕ್ಕದಲ್ಲಿ ಕೂರಿಸ್ಕೊಂಡು ಪಾವಗಡ ರಸ್ತೆ ಹಿಡಿದೆ. ಏನು ಸದ್ದು ಅಂತೀರಾ! ದನ ಕಾಯೋರೆಲ್ಲಾ ಎದ್ದು ನಿಂತ್ಕೊಂಡು ನೋಡ್ತಾವ್ರೆ, ವ್ಯಾಪಾರಿ ಎರಡೂ ಕೈಲಿ ಪೇಟ ಹಿಡ್ಕಂಡವ್ರೆ, ನಾನು ಸ್ವರ್ಗದಲ್ಲಿದೀನಿ.

ಹುರುಳಿ ಕಾಲ ಬೇರೆ. ನಮ್ ಕಡೆ ಗೊತ್ತಲ್ಲ, ಒಣಗಿದ ಹುರುಳಿ ಗಿಡ ತಂದು ಟಾರು ರಸ್ತೆಗೇ ಹರವಿಬುಡ್ತಾರೆ, ಬಸ್ಸು ಲಾರಿ ತುಳಿದು ಕಾಳು ಉದುರ್ಸಿ ಹೋಗ್ಲಿ ಅಂತ. ಬಸ್ಸು ಲಾರಿಗಾದ್ರೆ ಸರಿ. ಆದ್ರೆ ನಮ್ ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣು! ಅದ್ರ ಮೇಲೆ ಹತ್ತಿಸ್ದೆ ನೋಡಿ, ಬರ್ ಅಂತ ಒಂದ್ ಸದ್ದು. ಹಿಂದೆ ತಿರುಗಿ ನೋಡುದ್ರೆ ರಸ್ತೆ ಬೋಳು. ಅಷ್ಟೂ ಗಿಡ ಕಾರಿನ ಕೆಳಗೆ ಸಿಕ್ಕಾಕ್ಕೊಂಡು ನಮ್ ಜೊತೇಲೇ ಬತ್ತಾ ಐತೆ. ಒಬ್ಳು ಮುದುಕಿ ಕೋಲು ಎತ್ಕೊಂಡು ಓಡಿ ಬತ್ತಾವ್ಳೆ.

"ನಿಲ್ಸ್ರಲೇ! ಹಗಲೊತ್ನಾಗೆ ಹುರುಳಿ ಕದ್ಕೊಂಡೋಗ್ತಾವ್ರೆ!"

ನಿಲ್ಸಿದ್ವಿ. ನಾನು ಮಲಗಿ ಕೆಳಗಿಂದ ಎಳೀತಾ ಇದೀನಿ, ವ್ಯಾಪಾರಿ ಪೇಟ ಸೊಂಟಕ್ಕೆ ಬಿಗಿದು ಕಂತೆ ಕಟ್ತಾವ್ರೆ. "ನಾಕು ವದ್ದಪ್ಪಾ ಈ ಕಾರು, ನಂಗೆ ಬೇಡವೇ ಬೇಡ" ಅಂತಾನೂ ಅಂತಾವ್ರೆ. ಅಷ್ಟರಲ್ಲಿ ಮುದುಕಿ ವಾಪಸ್ ಹೋಗಿ ರಸ್ತೆ ನೋಡುದ್ಲು. ಗಿಡ ಎಲ್ಲಾ ಹೋಗಿ ಬರೀ ಕಾಳು, ತೂರಿ ಕೇರಿ ಇಟ್ಟಂಗೆ, ಥಳಥಳ ಅಂತ ಬಿದ್ದೈತೆ! ಕೋಲು ಕೆಳಗೆ ಹಾಕಿ ಬಂದು ನನ್ನ ತಲೆ ಸವರುದ್ಲು.

"ನಾಳೆ ಅವರೆ ಹರವ್ತೀನಿ ಕಣಪ್ಪಾ, ಇದೇ ಹೊತ್ತಿಗೆ ಬಂದ್ಬುಡು."

ಸಿರಾ ಸಾಬ್ರು

ಇದಾದ್ಮೇಲೆ ಅಜ್ಜಿಯ ದೊಡ್ಮಗಂಗೆ ತಾಳ್ಮೆ ಕೆಡ್ತು. ಅಜ್ಜಿಗೆ ಹೇಳ್ದೆ ಸಿರಾದಿಂದ ಗುಜರಿ ಸಾಬ್ರನ್ನ ಕರೆಸಿಬುಟ್ಟ. ಅಜ್ಜಿ ಹೆದರ್ತಿದ್ದದ್ದೇ ಇದಕ್ಕಲ್ವಾ!

ಸಾಬ್ರು ಜೇಬಿಂದ ಒಂದು ಅಯಸ್ಕಾಂತ ತೆಗೆದು ಬಾನೆಟ್ ಮೇಲೆ ಇಟ್ರು. ಜಾರಿ ಬಿತ್ತು. ಬಾಗಿಲಿಗೆ ಇಟ್ರು. ಅಲ್ಲೂ ಬಿತ್ತು. "ಅರೆ, ಕಬ್ಬಿಣಾನೇ ಇಲ್ವಲ್ಲ! ಪೂರಾ ಅಲ್ಯುಮಿನಿಯಂ, ಕೈಯಲ್ಲಿ ಬಡಿದು ಮಾಡವ್ರೆ!" ಅಂದ್ರು. ಆಮೇಲೆ ಬಾನೆಟ್ ಎತ್ತಿ ಎಂಜಿನ್ ನೋಡುದ್ರು. ಆ ಹೊತ್ತಿಗೆ ಅಜ್ಜಿ ಪೊರಕೆ ಹಿಡ್ಕೊಂಡು ಬಂದ್ರು ನೋಡಿ! ಬಂದೋರು ಹಂಗೇ ನಿಂತುಬುಟ್ರು. ಯಾಕಂದ್ರೆ ಸಾಬ್ರು ತಮ್ಮ ಹೆಗಲ ಮೇಲಿನ ಟವೆಲ್ಲಲ್ಲಿ ಕಾರಿನ ದೀಪ ಒರೆಸ್ತಾ ಇದ್ರು.

"ಅಮ್ಮಾ, ಬೇಜಾನ್ ಗಾಡಿ ಒಡೆದಿದೀನಿ. ಇದಕ್ಕೆ ಸುತ್ತಿಗೆ ಎತ್ತಕ್ಕೆ ನನ್ ಕೈಲಿ ಆಗಲ್ಲ. ಬೊಂಬಾಯಲ್ಲಿ ಹಳೇ ಕಾರಿಗೆ ಜೀವ ಬಿಡೋ ಸಾಹೇಬ್ರು ಇದಾರೆ, ನಾನು ಹೇಳಿ ಕಳಿಸ್ತೀನಿ. ಅಲ್ಲೀತನಕ ಯಾರಾದ್ರೂ ಗುಜರಿಯೋನು ಬಂದ್ರೆ ನನ್ನ ಕೂಗಿ, ನಾನೇ ಬಂದು ಓಡಿಸ್ತೀನಿ!"

ಹಗ್ಗ

ಸಾಬ್ರು ಮಾತು ಉಳಿಸ್ಕೊಂಡ್ರು. ಬಾಡಿಗೆ ಅಂಬಾಸಿಡರಲ್ಲಿ ಬೊಂಬಾಯಿ ಸಾಹೇಬ್ರೂ ಅವರ ಹೆಂಡ್ತೀನೂ ಬಂದಿಳಿದ್ರು. ಇಳಿದ್ರು ಅಂದ್ರೆ ಸಾಹೇಬ್ರು ಇಳಿದ್ರು. ಆಯಮ್ಮ ಅಂಬಾಸಿಡರಲ್ಲೇ ಕೂತು, "ಮನೇಲಿ ಇರೋ ಹಳೇ ಡಬ್ಬಗಳು ಸಾಲ್ದಾ? ಇದನ್ನ ತಂದ್ರೆ ನಾನು ಮುಟ್ಟಲ್ಲ, ಹತ್ತಲ್ಲ" ಅಂತ ಹಿಂದೀಲಿ ಬೈತಾನೇ ಇದ್ರು. ಸಾಹೇಬ್ರು ಕಿವಿಗೇ ಹಾಕ್ಕೊಳ್ಲಿಲ್ಲ. ಬಿಳೀ ಪ್ಯಾಂಟಲ್ಲಿ ಕಾರಿನ ಕೆಳಗೆ ಮಲಗಿ, ಮೂಗಿಗೆ ಗ್ರೀಸ್ ಬಳ್ಕೊಂಡು ಎದ್ರು. ಅಜ್ಜಿ ನನ್ ಕಿವೀಲಿ, "ಒಳ್ಳೆಯೋನು ಕಣ್ಲಾ, ಕೊಟ್ಬುಡನ" ಅಂದ್ರು. ಮಾತು ಮುಗೀತು, ಬೆಳಿಗ್ಗೆ ಬಂದು ಹೊಡ್ಕೊಂಡೋಗದು ಅಂತಾಯ್ತು.

ಬೆಳಿಗ್ಗೆ ನಾನು ಹೋದ್ರೆ ಅಜ್ಜಿ, "ಸ್ಟೇರಿಂಗ್ ಬಿಚ್ಚು" ಅಂದ್ರು.

"ಯಾಕಜ್ಜಿ?"

"ಎತ್ತು ಮಾರ್ದೋರು ಹಗ್ಗ ಕೊಡ್ತಾರೇನ್ಲಾ? ಹಗ್ಗ ಕೊಟ್ರೆ ಕೊಟ್ಟಿಗೆ ಲಕ್ಷ್ಮೀನೂ ಹಿಂದೇನೇ ಹೊಂಟೋಗ್ತಾಳೆ. ಕೊಂಡೋರು ಅವರ ಹಗ್ಗ ತಂದ್ಕೋಬೇಕು."

"ಕಾರಿಗೆಲ್ಲೈತಜ್ಜಿ ಹಗ್ಗ?"

"ಎಡಕ್ಕೆ ಬಲಕ್ಕೆ ತಿರುಗ್ಸಕ್ಕೆ ಏನು ಹಿಡ್ಕೊತೀಯಾ? ಅದೇ. ಬಿಚ್ಚು!"

ಬಿಚ್ಚಿದೆ. ಸಾಹೇಬ್ರು ಬಂದ್ರು, ಕೂತ್ರು, ಎರಡೂ ಕೈ ಮುಂದೆ ಚಾಚಿದ್ರು. ಅಲ್ಲಿ ಬರೀ ಗಾಳಿ! ನನ್ ಹಿಂದೀಲಿ ಎತ್ತು, ಹಗ್ಗ, ಲಕ್ಷ್ಮಿ ಎಲ್ಲಾ ಹೇಳ್ದೆ. ಸಾಹೇಬ್ರು ತಲೆ ಮೇಲೆ ಕೈ ಹೊತ್ತು, "ಇಟಲಿ ಮರದ ಚಕ್ರ ಅದು, ಬೇರೆಲ್ಲೂ ಸಿಗಲ್ಲ, ಅದಿಲ್ದೆ ಕಾರೇ ಅಲ್ಲ" ಅಂತ ಅಳೋದೊಂದು ಬಾಕಿ. ಅಜ್ಜಿ ಅಲ್ಲಾಡ್ಲಿಲ್ಲ. ಕಾರು ಮತ್ತೆ ಶೆಡ್ಡಿಗೇ, ಆಮೇಲೆ ಗುಜರಿಗೇ ಅಂತ ಅನ್ನಿಸಿ ನಾನೇ ಮಧ್ಯ ಬಾಯಿ ಹಾಕ್ದೆ.

"ಹಗ್ಗ ಸಮೇತ ಯಾವಾಗ್ಲೂ ಕೊಡದೇ ಇಲ್ವಾ ಅಜ್ಜಿ?" ಅಂದೆ.

"ಮಾರುದ್ರೆ ಇಲ್ಲ. ಮಗಳಿಗೆ ಬಳುವಳಿ ಕೊಟ್ರೆ ಹಗ್ಗ, ಗಂಟೆ, ಎಲ್ಲಾ ಹೋಗ್ತದೆ. ನಂಗೆಲ್ಲಿ ಮಗಳು?" ಅಂದೋರು ಅಂಬಾಸಿಡರ್ ಕಡೆ ನೋಡಿದ್ರು. ಹೋಗಿ ಕಿಟಕಿ ತಟ್ಟಿದ್ರು. "ನಿನ್ ತವರು ಯಾವೂರವ್ವಾ?"

ನಾನು ಹಿಂದೀಲಿ ಕೇಳ್ದೆ. ತವರಲ್ಲಿ ಯಾರೂ ಉಳಿದಿಲ್ಲ, ಅಂದ್ರು ಆಯಮ್ಮ. ಮೊದಲ್ನೇ ಸಲ ಮೆತ್ತಗೆ.

ಆಮೇಲೇನು! ಅಜ್ಜಿ ಕೈ ಹಿಡಿದು ಇಳಿಸಿದ್ರು, ಮಣೆ ಹಾಕಿದ್ರು, ಸೊಸೇನ ಕೂಗಿ ಮಡ್ಲಕ್ಕಿ ತುಂಬ್ಸಿದ್ರು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಅರಿಸಿನ ಕುಂಕುಮ, ಅದರ ಮ್ಯಾಲೆ ಸ್ಟೇರಿಂಗ್! ಆಯಮ್ಮ ಅದನ್ನ ಮಗು ಥರ ತಬ್ಬಿಕೊಂಡು ಅಳ್ತಾವ್ರೆ, ಅಜ್ಜೀನೂ ಅಳ್ತಾವ್ರೆ, ನಾನೂ ಅತ್ತೆ, ಸುಳ್ಳೇನು. ಬಳುವಳಿಗೆ ದುಡ್ಡು ಈಸ್ಕೊಳಲ್ಲ ಅಂತ ಅಜ್ಜಿ ಹಠ. ಸಾಹೇಬ್ರು ಅತ್ತೆಗೆ ಸೀರೆ ಅಂತ ಎಲೆ ಅಡಿಕೆ ತಟ್ಟೇಲಿ ದುಡ್ಡು ಮಡಗುದ್ರು. ಆ ದುಡ್ಡಲ್ಲಿ ಸೀರೆ ಅಂಗಡೀನೇ ಬತ್ತಿತ್ತು!

ನಾನು ಸ್ಟೇರಿಂಗ್ ಕೂರಿಸ್ದೆ. ಸಾಹೇಬ್ರು ಕುಣ್ಕೊಂಡು ಬಂದು ಬಾಗಿಲಿಗೆ ಕೈ ಹಾಕುದ್ರು. ಆಯಮ್ಮ ಅಷ್ಟರಲ್ಲೇ ಒಳಗೆ ಕೂತು ಸ್ಟೇರಿಂಗ್ ಹಿಡಿದಾಗಿತ್ತು. ಪಕ್ಕದ ಸೀಟಲ್ಲಾದ್ರೂ ಕೂತ್ಕೊಳೋಣ ಅಂತ ಆ ಕಡೆ ಹೋದ್ರೆ, ಅಲ್ಲಿ ಮಡ್ಲಕ್ಕಿ ಗಂಟು.

"ಇದು ನಮ್ ತವರು ಮನೆ ಕಾರು" ಅಂದ್ರು ಆಯಮ್ಮ, ಕೀಲಿ ತಿರುಗಿಸ್ತಾ. "ನೀವು ಅಂಬಾಸಿಡರಲ್ಲಿ ಬನ್ನಿ."